ಬೆಂಕಿ ರೋಗದ ಎಲೆ

ಗಂಗಾವತಿ ಕಡೆ ಸೋನಾ ಮಸೂರಿ ಗದ್ದೆಗಳಲ್ಲಿ ಬೆಂಕಿ ರೋಗ ಕಾಣಿಸಿಕೊಂಡಿದೆ. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದೆ. ಎರಡೂ ತುದಿ ಚೂಪಾದ ಮಚ್ಚೆ. ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು. ನೋಡಿದರೆ ಸಂಕಟವಾಗುತ್ತದೆ.

ಭತ್ತ ಸುಮ್ನೆ ಸೋಲುವುದಿಲ್ಲ. ಈ ರೋಗ ತರುವ ಶಿಲೀಂಧ್ರ ನುಗ್ಗಿದ ಜಾಗದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಉಕ್ಕಿಸುತ್ತದೆ. ಗಾಯಕ್ಕೆ ಹಾಕಿದರೆ ಬುರಬುರ ನೊರೆ ಬರುತ್ತದಲ್ಲ, ಅದೇ. ಆದರೆ ಮ್ಯಾಗ್ನಪೋರ್ತೆ ಒರೈಜೆ ಎಂಬ ಈ ಶಿಲೀಂಧ್ರ ಅದಕ್ಕೂ ತಯಾರಾಗಿಯೇ ಬಂದಿರುತ್ತದೆ. ಕೆಟಲೇಸ್, ಪೆರಾಕ್ಸಿಡೇಸ್ ಕಿಣ್ವಗಳಿಂದ ಆ ವಿಷವನ್ನು ಒಡೆದುಹಾಕುತ್ತದೆ. ಕೆಟಲೇಸ್ ಕೈಗೆ ಸಿಕ್ಕರೆ ಉಳಿಯುವುದು ಬರೀ ನೀರು, ಆಮ್ಲಜನಕ. ಎಲೆ ಕೂಡಿಟ್ಟ ಅಸ್ತ್ರ ಅಷ್ಟಕ್ಕೇ ಮುಗಿಯಿತು, ಅಲ್ವಾ?

ಒತ್ತಡ ಬಂದಾಗ ಶಿಲೀಂಧ್ರದ ರಕ್ಷಣಾ ಜೀನ್‌ಗಳನ್ನು ಎಬ್ಬಿಸುವ ಪ್ರೋಟೀನ್ ಒಂದಿದೆ, ಮೋಎಪಿ1 ಅಂತ. ಅದನ್ನು ಪ್ರಯೋಗಾಲಯದಲ್ಲಿ ತೆಗೆದುಹಾಕಿದಾಗ ರೋಗ ತರುವ ಶಕ್ತಿಯೇ ಕುಂದಿತು. ನನಗೆ ಭರವಸೆ ಇರುವುದು ಇಂಥ ಕೆಲಸದ ಮೇಲೆ. ಶಿಲೀಂಧ್ರದ ಗುರಾಣಿ ಕಿತ್ತರೆ ಭತ್ತವೇ ಕಾದಾಡುತ್ತದೆ.

ಈಗ ಸಿಂಪಡಿಸುವ ಶಿಲೀಂಧ್ರನಾಶಕ ಟ್ರೈಸೈಕ್ಲಜೋಲ್ ದಾರಿ ಬೇರೆ. ಅದು ಶಿಲೀಂಧ್ರದಲ್ಲಿ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ತಯಾರಾಗದಂತೆ ತಡೆಯುತ್ತದೆ, ಮೆಲನಿನ್ ಇಲ್ಲದೆ ಎಲೆ ತೂತು ಮಾಡುವ ಬಲ ಅದಕ್ಕೆ ಬರುವುದಿಲ್ಲ.

ಯೂರಿಯಾ ಜಾಸ್ತಿ ಬಿದ್ದ ಗದ್ದೆಯಲ್ಲಿ ಈ ರೋಗ ಜೋರು. ಮಚ್ಚೆ ಕಂಡರೆ ಮುಂದಿನ ಕಂತು ತಡೆಯಿರಿ, ಪಕ್ಕದ ಗದ್ದೆಯವರಿಗೂ ಹೇಳಿ.