ಭಯ ಹೋಯ್ತಾ ಅಂತ ಕೇಳೋರಿಗೆ

ಎರಡು ಸೆಮಿಸ್ಟರ್ ಬಿಸಿನೆಸ್ ಕಮ್ಯುನಿಕೇಶನ್ ಪೇಪರ್ ತಗೊಂಡಿದ್ದೆ ಅಂತ ಗೊತ್ತಿರೋ ಜೂನಿಯರ್ಸ್ ಸಿಕ್ಕಾಗೆಲ್ಲ ಕೇಳೋದು ಒಂದೇ. "ಅಕ್ಕಾ, ಅಷ್ಟು ಜನರ ಮುಂದೆ ನಿಂತ್ಕೊಂಡು ಮಾತಾಡೋ ಭಯ ಹೆಂಗೆ ಹೋಯ್ತು?" ಎಲ್ಲರಿಗೂ ಬೇರೆ ಬೇರೆ ಕೂತು ಹೇಳೋ ಬದಲು ಇಲ್ಲೇ ಬರೆದಿಡ್ತೀನಿ.

ಹೋಗಿಲ್ಲ. ಈಗಲೂ ನನ್ನ ಹೆಸರು ಕರೆದ ತಕ್ಷಣ ಎದೆ ಡವಡವ ಅನ್ನುತ್ತೆ, ಅಂಗೈ ಬೆವರುತ್ತೆ, ಮೊದಲನೇ ಮಾತು ಆಡೋವಾಗ ಬಾಯಿ ಒಣಗಿರುತ್ತೆ. ಆದ್ರೆ ಭಯ ಹೋಗ್ಲಿ ಆಮೇಲೆ ಚೆನ್ನಾಗಿ ಮಾತಾಡ್ತೀನಿ ಅಂತ ಕಾಯ್ತಾ ಕೂತಿದ್ದು ನನ್ನ ಒಂದು ಇಡೀ ಸೆಮಿಸ್ಟರ್ ತಿಂದುಬಿಡ್ತು, ಯಾಕಂದ್ರೆ ಹಾಗೆ ಕಾಯ್ತಿರೋವಾಗ ಗಮನ ಪೂರ್ತಿ ನಮ್ಮ ಮೇಲೇ ಇರುತ್ತೆ, ನನ್ನ ಕೈ ನಡುಗ್ತಿದೆಯಾ, ನನ್ನ ದನಿ ಹೇಗಿದೆ, ನನ್ನ ಉಚ್ಚಾರಣೆ ಸರಿ ಇದೆಯಾ ಅಂತ, ಎದುರಿಗೆ ಕೂತು ಕೇಳ್ತಿರೋರು ಆ ಲೆಕ್ಕದಲ್ಲಿ ಎಲ್ಲೂ ಬರೋದೇ ಇಲ್ಲ. ಎರಡು ಸೆಮಿಸ್ಟರಲ್ಲಿ ನಾನು ಕಲಿತಿದ್ದು ಮುಖ್ಯವಾಗಿ ಆ ಗಮನವನ್ನ ಅವರ ಕಡೆಗೆ ತಿರುಗಿಸೋದು.

ನನ್ನ ಮೊದಲನೇ ಪ್ರೆಸೆಂಟೇಶನ್ ವಿಷಯ ಸುಲಭದ್ದು. ಲೈಬ್ರರಿ ಸಂಜೆ 6ಕ್ಕೆ ಮುಚ್ಚೋ ಬದಲು 9ರವರೆಗೆ ತೆರೆದಿರ್ಲಿ ಅನ್ನೋ ಪ್ರಪೋಸಲ್, ಕೊಟ್ಟಿದ್ದ ಸಮಯ 10 ನಿಮಿಷ. ನಾನು 24 ಸ್ಲೈಡ್ ಮಾಡಿದ್ದೆ. ಮೊದಲು ಗ್ರಂಥಾಲಯಗಳ ಚರಿತ್ರೆ, ಆಮೇಲೆ ಓದಿನ ಮಹತ್ವ, ಆಮೇಲೆ ನಮ್ಮ ಸರ್ವೆ ಹೇಗೆ ಮಾಡಿದ್ವಿ, ಪೈ ಚಾರ್ಟು, ಇನ್ನೊಂದು ಪೈ ಚಾರ್ಟು, ಹೀಗೆ ಹೋಗಿ ನಿಜವಾದ ವಿಷಯ 21ನೇ ಸ್ಲೈಡಲ್ಲಿತ್ತು, ನಾನು 17ನೇ ಸ್ಲೈಡಲ್ಲಿರೋವಾಗಲೇ ಟೈಮ್ ಮುಗೀತು, ಉಳಿದಿದ್ದನ್ನ ಓಡಿಸ್ಕೊಂಡು ಹೋಗಿ ಥ್ಯಾಂಕ್ ಯೂ ಸ್ಲೈಡಿಗೆ ಬಂದು ನಿಂತೆ. ಮೇಡಂ ಏನೂ ಹೇಳ್ಲಿಲ್ಲ. ಎಲ್ಲರಿಗೂ ಒಂದೊಂದು ಸಣ್ಣ ಚೀಟಿ ಹಂಚಿ, "ಇವಳು ನಮ್ಮಿಂದ ಏನು ಕೇಳಿದಳು, ಒಂದೇ ಸಾಲಲ್ಲಿ ಬರೀರಿ" ಅಂದ್ರು. 31 ಚೀಟಿ ಬಂತು. ಲೈಬ್ರರಿ ಸಮಯದ ಬಗ್ಗೆ ಬರೆದಿದ್ದು 4 ಜನ. ಉಳಿದವ್ರು ಓದೋ ಹವ್ಯಾಸ ಬೆಳೆಸ್ಕೋಬೇಕು ಅಂತ, ಪುಸ್ತಕ ಕಮ್ಮಿ ಇದೆ ಅಂತ, ಸರ್ವೆಗೆ ಉತ್ತರ ಕೊಡ್ಬೇಕು ಅಂತ ಬರೆದಿದ್ರು, ಎರಡು ಖಾಲಿ ಚೀಟಿ. ನಂಗೆ ಗಂಟಲು ಕಟ್ಟಿತು, ಯಾರೂ ಸರಿಯಾಗಿ ಕೇಳಿಸ್ಕೊಂಡಿಲ್ಲ ಅಂತ ಸಿಟ್ಟೂ ಬಂತು. ಮೇಡಂ ಆ ಚೀಟಿಗಳನ್ನ ನನ್ನ ಕೈಗೇ ಕೊಟ್ಟು, "ಅವ್ರು ಕೇಳಿಸ್ಕೊಂಡಿದ್ದಾರಮ್ಮ, ನೀನು ಹೇಳಿದ್ದು ಇಷ್ಟೇ" ಅಂದ್ರು.

ಆ ಮಾತು ಅರ್ಥ ಆಗೋಕೆ ಮುಂದಿನ ವಾರದ ಕ್ಲಾಸ್ ಬೇಕಾಯ್ತು. 1990ರಲ್ಲಿ ಸ್ಟ್ಯಾನ್‌ಫರ್ಡಲ್ಲಿ ಎಲಿಜಬೆತ್ ನ್ಯೂಟನ್ ಅನ್ನೋ ವಿದ್ಯಾರ್ಥಿನಿ ತನ್ನ ಪಿಎಚ್‌ಡಿಗೆ ಮಾಡಿದ ಒಂದು ಪ್ರಯೋಗದ ಬಗ್ಗೆ ಹೇಳಿದ್ರು. ಒಬ್ಬರು ಎಲ್ಲರಿಗೂ ಗೊತ್ತಿರೋ ಹಾಡಿನ ತಾಳವನ್ನ ಬೆರಳಲ್ಲಿ ಟೇಬಲ್ ಮೇಲೆ ಕುಟ್ಟಬೇಕು, ಎದುರಿಗೆ ಕೂತೋರು ಯಾವ ಹಾಡು ಅಂತ ಹೇಳ್ಬೇಕು. ಕುಟ್ಟೋರು ಅಂದ್ಕೊಂಡಿದ್ದು ಅರ್ಧಕ್ಕರ್ಧ ಹಾಡು ಗುರುತು ಸಿಗುತ್ತೆ ಅಂತ. ನಿಜವಾಗ್ಲೂ ಗುರುತಿಸಿದ್ದು 120ರಲ್ಲಿ 3. ಕುಟ್ಟೋರ ತಲೆಯಲ್ಲಿ ಇಡೀ ಹಾಡು ಓಡ್ತಿರುತ್ತೆ, ಕೇಳೋರಿಗೆ ಬರೀ ಟಕ್ ಟಕ್ ಸದ್ದು. ಇದನ್ನ ಕ್ಲಾಸಲ್ಲೂ ಮಾಡಿ ನೋಡಿದ್ವಿ, ನಾನು ಕುಟ್ಟಿದ ಹಾಡು ಪಕ್ಕದಲ್ಲಿ ಕೂತಿದ್ದ ಗೆಳತಿಗೇ ಗೊತ್ತಾಗ್ಲಿಲ್ಲ. ಆಗ ಆ 24 ಸ್ಲೈಡ್ ನೆನಪಾಯ್ತು. ಒಂದು ತಿಂಗಳಿಂದ ಅದೇ ವಿಷಯದಲ್ಲಿ ಮುಳುಗಿದ್ದ ನಂಗೆ ಪ್ರತಿ ಸ್ಲೈಡೂ ಆ ಸಂಜೆ 9 ಗಂಟೆ ಕಡೆಗೇ ಬೆರಳು ತೋರಿಸ್ತಿತ್ತು, ಅವರಿಗೆ ಬರೀ ಚಾರ್ಟು.

ಸ್ಲೈಡ್ ಅಂದ್ರೆ ಏನು ಅಂತ ನನ್ನನ್ನ ಗಾಢವಾಗಿ ಅಲ್ಲಾಡಿಸಿದ್ದು ಕೊಲಂಬಿಯಾ ವಿಷಯ. ಕಲ್ಪನಾ ಚಾವ್ಲಾ ಇದ್ದ ಆ ನೌಕೆ 2003ರ ಜನವರಿ 16ಕ್ಕೆ ಮೇಲೆ ಹೋಯ್ತು, ಹೊರಟ 82ನೇ ಸೆಕೆಂಡಿಗೆ ಹೊರಗಿನ ಇಂಧನ ಟ್ಯಾಂಕಿಂದ ಕಿತ್ತುಬಂದ ಫೋಮ್ ತುಂಡು ಎಡ ರೆಕ್ಕೆಗೆ ಹೊಡೀತು. ನೌಕೆ ಇನ್ನೂ ಕಕ್ಷೆಯಲ್ಲಿರೋವಾಗಲೇ ಇಂಜಿನಿಯರುಗಳು ಆ ಪೆಟ್ಟಿನ ಲೆಕ್ಕಾಚಾರವನ್ನ ಸ್ಲೈಡುಗಳಲ್ಲಿ ನಾಸಾದವರ ಮುಂದಿಟ್ರು. ಅದ್ರಲ್ಲಿ ಒಂದು ಸ್ಲೈಡನ್ನ ಎಡ್ವರ್ಡ್ ಟಫ್ಟಿ ಅನ್ನೋ ಪ್ರೊಫೆಸರ್ ಆಮೇಲೆ ಸಾಲು ಸಾಲಾಗಿ ಬಿಡಿಸಿ ತೋರಿಸಿದ್ರು. ದೊಡ್ಡಕ್ಷರದ ಹೆಡ್ಡಿಂಗ್ ಓದಿದ್ರೆ ಗಾಬರಿ ಪಡೋ ಅಂಥದ್ದು ಏನಿಲ್ಲ ಅನ್ನೋ ಭಾವನೆ ಬರುತ್ತೆ. ಕೆಳಗೆ ಬುಲೆಟ್ ಒಳಗೊಂದು ಬುಲೆಟ್, ಅಕ್ಷರ ಸಣ್ಣದಾಗ್ತಾ ಆಗ್ತಾ, ಕಟ್ಟಕಡೆಯಲ್ಲಿ ನಿಜವಾದ ಸುದ್ದಿ ಇತ್ತು. ಹಿಂದೆ ಟೆಸ್ಟ್ ಮಾಡಿದ್ದ ತುಂಡಿನ ಗಾತ್ರ 3 ಘನ ಇಂಚು, ಈಗ ಹೊಡೆದಿರೋದಕ್ಕೆ ಇಟ್ಟ ಅಂದಾಜು 1920 ಘನ ಇಂಚು. ಅಂದ್ರೆ 640 ಪಟ್ಟು. ಆ ಟೆಸ್ಟ್ ಡೇಟಾ ಇಟ್ಕೊಂಡು ಏನೂ ಹೇಳೋಕಾಗಲ್ಲ ಅಂತಲೇ ಅರ್ಥ, ಆದ್ರೆ ಅದು ಇದ್ದಿದ್ದು ಕೊನೇ ಸಾಲಲ್ಲಿ. ಅಷ್ಟೇ ಅಲ್ಲ, ಆ ಒಂದು ಸ್ಲೈಡಲ್ಲಿ ಸಿಗ್ನಿಫಿಕೆಂಟ್ ಅನ್ನೋ ಥರದ ಪದ 5 ಸಲ ಬಂದಿದೆ, ಎಷ್ಟು ಸಿಗ್ನಿಫಿಕೆಂಟ್ ಅಂತ ಎಲ್ಲೂ ಇಲ್ಲ. ಫೆಬ್ರವರಿ 1ಕ್ಕೆ ವಾಪಸ್ ಬರೋವಾಗ ನೌಕೆ ಚೂರಾಯ್ತು, 7 ಜನ ಹೋದ್ರು.

ಒಂದು ಸ್ಲೈಡಿಂದಲೇ ಹಾಗಾಯ್ತು ಅಂತ ನಾನು ಹೇಳ್ತಿಲ್ಲ, ಕಾರಣಗಳು ತುಂಬಾ ಇದ್ವು. ಆದ್ರೆ ತನಿಖಾ ಮಂಡಳಿ ತನ್ನ ವರದಿಯಲ್ಲಿ ಸರಿಯಾದ ತಾಂತ್ರಿಕ ವರದಿ ಬರೆಯೋ ಬದಲು ಎಲ್ಲದಕ್ಕೂ ಪವರ್‌ಪಾಯಿಂಟ್ ಸ್ಲೈಡ್ ಬಳಸೋ ಅಭ್ಯಾಸವನ್ನೂ ಎತ್ತಿ ಹೇಳಿತ್ತು. ಅದನ್ನ ಓದಿದ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಬಿಸಿನೆಸ್ ಕಮ್ಯುನಿಕೇಶನ್ ಅಂದ್ರೆ ಕೆಲಸ ಸಿಗೋಕೆ ಬೇಕಾದ ಮೇಲ್ಮೈ ಪಾಲಿಶ್ ಅಂತ ಅಲ್ಲಿವರೆಗೆ ಅಂದ್ಕೊಂಡಿದ್ದೆ. ಮುಖ್ಯ ಮಾತನ್ನ ಎಲ್ಲಿ ಇಡ್ತೀವಿ ಅನ್ನೋದು ಇಷ್ಟು ದೊಡ್ಡ ಜವಾಬ್ದಾರಿ ಅಂತ ಆವತ್ತು ಗೊತ್ತಾಯ್ತು. ಆಮೇಲಿಂದ ನನ್ನ ಸ್ಲೈಡಿನ ಹೆಡ್ಡಿಂಗಲ್ಲಿ ಸರ್ವೆ ಫಲಿತಾಂಶ ಅಂತ ಬರೆಯೋದು ಬಿಟ್ಟೆ, ಪೂರ್ತಿ ವಾಕ್ಯ ಬರೀತೀನಿ, ಸಂಜೆ ಕ್ಲಾಸಿನವರಿಗೆ ಲೈಬ್ರರಿ ಸಿಗ್ತಾನೇ ಇಲ್ಲ ಅಂತ. ಹೆಡ್ಡಿಂಗ್ ಮಾತ್ರ ಓದಿ ಎದ್ದು ಹೋದ್ರೂ ವಿಷಯ ಅವರ ಜೊತೆ ಹೋಗ್ಬೇಕು.

ಮೇಲ್ ಬರೆಯೋದೂ ಇದೇ ಕಥೆ, ನಿಜ ಹೇಳ್ಬೇಕಂದ್ರೆ ಸ್ಟೇಜಿಗಿಂತ ಮೇಲಲ್ಲೇ ನಾನು ಜಾಸ್ತಿ ಬದಲಾಗಿದ್ದು, ಯಾಕಂದ್ರೆ ಸ್ಟೇಜ್ ವರ್ಷಕ್ಕೆ ನಾಲ್ಕು ಸಲ, ಮೇಲ್ ದಿನಾ. ಮೊದಲೆಲ್ಲ ಸಬ್ಜೆಕ್ಟ್ ಜಾಗದಲ್ಲಿ "ರಿಕ್ವೆಸ್ಟ್" ಅಂತ ಒಂದೇ ಪದ, ಒಳಗಡೆ ಎರಡು ಪ್ಯಾರಾ ನಾನು ಯಾರು, ಏನಾಯ್ತು, ಹೇಗೆ ತೊಂದರೆ ಆಯ್ತು, ಕೊನೆಗೆ ದಯವಿಟ್ಟು ಪರಿಗಣಿಸಿ. ಏನನ್ನ ಪರಿಗಣಿಸ್ಬೇಕು ಅಂತ ಓದೋರು ಹುಡುಕ್ಬೇಕು. ಈಗ ಸಬ್ಜೆಕ್ಟಲ್ಲೇ "ಪ್ರಾಜೆಕ್ಟ್ ವರದಿಗೆ ಶುಕ್ರವಾರದವರೆಗೆ ಸಮಯ ಬೇಕು" ಅಂತ ಹಾಕ್ತೀನಿ, ಮೊದಲ ಸಾಲಲ್ಲಿ ಕೇಳೋದು, ಎರಡನೇ ಸಾಲಲ್ಲಿ ಯಾಕೆ, ಆಮೇಲೆ ಬೇಕಾದ್ರೆ ಓದ್ಲಿ ಅಂತ ಉಳಿದ ವಿವರ. ಅಮೆರಿಕದ ಸೇನೆಯಲ್ಲಿ ಇದಕ್ಕೆ ಬ್ಲಫ್ ಅಂತಾರೆ, ಬಾಟಮ್ ಲೈನ್ ಅಪ್ ಫ್ರಂಟ್, ತೀರ್ಮಾನ ಮೊದಲು ಅಂತ. ಹೀಗೆ ನೇರವಾಗಿ ಕೇಳಿದ್ರೆ ಒರಟಾಗಿ ಕಾಣಲ್ವಾ ಅಂತ ಸುಮಾರು ಜನ ಕೇಳಿದ್ದಾರೆ. ನಂಗೂ ಮೊದಲು ಹಾಗೇ ಅನ್ಸಿತ್ತು. ಆದ್ರೆ ವಿನಯ ಪದಗಳಲ್ಲಿ ಇರ್ಲಿ, "ತಮಗೆ ಅನುಕೂಲ ಆದ್ರೆ" ಅಂತ ಬರೀರಿ, ಧಾರಾಳವಾಗಿ ಬರೀರಿ, ಕೇಳೋ ವಿಷಯವನ್ನ ಮಾತ್ರ ಬಚ್ಚಿಡ್ಬೇಡಿ. ಓದೋರ ಸಮಯ ಉಳಿಸೋದೂ ಗೌರವನೇ.

ಹಾವಭಾವದ ಬಗ್ಗೆ ಒಂದು ಮಾತು, ಯಾಕಂದ್ರೆ ಇದ್ರಲ್ಲಿ ತುಂಬಾ ಜನ ಸುಮ್ನೆ ಹೆದರಿಕೊಂಡಿದ್ದಾರೆ. ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಬರೀ 7 ಪರ್ಸೆಂಟ್, ದನಿ 38, ಮುಖ ಮೈಕೈ 55 ಅಂತ ಯಾವ ಟ್ರೈನಿಂಗಿಗೆ ಹೋದ್ರೂ ಒಂದು ಸ್ಲೈಡ್ ತೋರಿಸ್ತಾರೆ. ಅದು ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳಿಂದ ಬಂದಿದ್ದು. ಅಲ್ಲಿ ಜನರಿಗೆ ಕೇಳಿಸಿದ್ದು ಬಿಡಿ ಪದಗಳನ್ನ, ಬೇರೆ ಬೇರೆ ದನಿಯಲ್ಲಿ, ಜೊತೆಗೆ ಮುಖದ ಫೋಟೋ, ಹೇಳ್ತಿರೋರಿಗೆ ಎದುರಿನವರ ಮೇಲೆ ಇಷ್ಟ ಇದೆಯಾ ಇಲ್ವಾ ಅಂತ ಊಹಿಸೋಕೆ. ಒಂದು ಪ್ರಪೋಸಲ್ಲು, ಒಂದು ಬಜೆಟ್ಟು ವಿವರಿಸೋದಕ್ಕೆ ಆ ಅಂಕಿ ಅನ್ವಯ ಆಗೋದೇ ಇಲ್ಲ, ಮೆಹ್ರೇಬಿಯನ್ ಅವರೇ ಅದನ್ನ ಹೇಳಿದ್ದಾರೆ. ನೆಟ್ಟಗೆ ನಿಂತ್ಕೊಳ್ಳಿ, ಜನರ ಕಡೆ ನೋಡಿ, ಅಷ್ಟು ಸಾಕು. ಕೈ ಎಲ್ಲಿಡೋದು ಅಂತ ಒಂದು ವಾರ ಕನ್ನಡಿ ಮುಂದೆ ನಿಂತಿದ್ದ ಸಮಯದಲ್ಲಿ ನಾನು ಮೊದಲ ಮೂರು ವಾಕ್ಯ ಸರಿ ಮಾಡ್ಕೋಬಹುದಿತ್ತು.

ಪ್ರಾಕ್ಟೀಸಿಗೆ ನಂಗೆ ಫೋನ್ ಸಾಕಾಯ್ತು. ರೆಕಾರ್ಡ್ ಮಾಡಿ ಕೇಳೋದು ಮೊದಮೊದಲು ಹಿಂಸೆ, ನನ್ನ ದನಿ ನಂದಲ್ಲ ಅನ್ಸುತ್ತೆ, ಆದ್ರೂ ಕೇಳಿ. ಎರಡು ನಿಮಿಷದಲ್ಲಿ "ಆಕ್ಚುಲಿ" ಅಂತ 14 ಸಲ ಅಂದಿದ್ದೆ. ಅದನ್ನ ಬಿಡ್ಬೇಕು ಅಂತ ಹೊರಟ್ರೆ ಬಿಡೋಕಾಗಲ್ಲ, ಅದರ ಜಾಗದಲ್ಲಿ ಸುಮ್ನಿರೋದನ್ನ ಕಲೀಬೇಕು. ನಿಂತಿರೋರಿಗೆ ಒಂದು ಯುಗ ಅನ್ಸೋ ಮೌನ ಕೇಳೋರಿಗೆ ಎರಡು ಸೆಕೆಂಡು, ಅವ್ರಿಗೆ ಅದು ಬೇಕು ಕೂಡ, ಕೇಳಿದ್ದನ್ನ ಒಳಗೆ ಇಳಿಸ್ಕೊಳ್ಳೋಕೆ. ಇನ್ನೊಂದು, ಇಂಗ್ಲಿಷಲ್ಲಿ ಮಾತಾಡ್ಬೇಕಾದ ಪ್ರೆಸೆಂಟೇಶನನ್ನೂ ನಾನು ಮೊದಲು ಕನ್ನಡದಲ್ಲೇ ಗೆಳತಿಗೆ ಹೇಳ್ತೀನಿ. ಕನ್ನಡದಲ್ಲಿ ಮೂರು ವಾಕ್ಯದಲ್ಲಿ ಹೇಳೋಕಾಗ್ಲಿಲ್ಲ ಅಂದ್ರೆ ತೊಂದರೆ ಭಾಷೆಯದ್ದಲ್ಲ, ನಂಗೇ ಇನ್ನೂ ವಿಷಯ ತಿಳಿದಿಲ್ಲ ಅಂತ. ಇಂಗ್ಲಿಷ್ ಬರಲ್ಲ ಅಂತ ಹಿಂದೆ ಸರಿಯೋ ಎಷ್ಟೋ ಜನರಿಗೆ ವಿಷಯ ನನಗಿಂತ ಚೆನ್ನಾಗಿ ಗೊತ್ತಿರುತ್ತೆ, ಅದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಇನ್ನು ಆ ಡವಡವ. ಅಲಿಸನ್ ವುಡ್ ಬ್ರೂಕ್ಸ್ ಅನ್ನೋ ಸಂಶೋಧಕಿ 2014ರಲ್ಲಿ ಪ್ರಕಟಿಸಿದ ಕೆಲಸ ನಂಗೆ ಉಪಯೋಗಕ್ಕೆ ಬಂತು. ಭಾಷಣಕ್ಕೆ ಮುಂಚೆ "ನಾನು ಶಾಂತವಾಗಿದ್ದೀನಿ" ಅಂತ ಹೇಳ್ಕೊಂಡೋರಿಗಿಂತ "ನಂಗೆ ಉತ್ಸಾಹ ಬಂದಿದೆ" ಅಂತ ಹೇಳ್ಕೊಂಡೋರು ಚೆನ್ನಾಗಿ ಮಾತಾಡಿದ್ರು. ಹೊಡ್ಕೊಳ್ತಿರೋ ಎದೆಯನ್ನ ಸುಮ್ನಿರು ಅಂದ್ರೆ ಅದು ಕೇಳಲ್ಲ, ಅದೇ ಹೊಡೆತಕ್ಕೆ ಬೇರೆ ಹೆಸರಿಟ್ರೆ ಜೊತೆಗೆ ಬರುತ್ತೆ. ನಾನು ಈಗಲೂ ಬಾಗಿಲ ಹತ್ರ ನಿಂತು ಅದನ್ನೇ ಹೇಳ್ಕೋತೀನಿ, ಸಣ್ಣ ದನಿಯಲ್ಲಿ, ಆದ್ರೆ ಬಾಯಿಬಿಟ್ಟು.

ಪ್ರಶ್ನೋತ್ತರಕ್ಕೆ ಯಾರೂ ತಯಾರಿ ಮಾಡಲ್ಲ, ತೀರ್ಮಾನ ಆಗೋದು ಮಾತ್ರ ಹೆಚ್ಚು ಸಲ ಅಲ್ಲೇ. ನಾನು ಮುಂಚೆನೇ ನಂಗೆ ಅತಿ ಕಷ್ಟ ಅನ್ಸೋ ಐದು ಪ್ರಶ್ನೆ ಬರೆದಿಟ್ಕೋತೀನಿ. ಗೊತ್ತಿಲ್ಲದ್ದು ಬಂದ್ರೆ "ಈಗ ನನ್ನ ಹತ್ರ ಉತ್ತರ ಇಲ್ಲ, ನಾಳೆ ಮಧ್ಯಾಹ್ನದೊಳಗೆ ಮೇಲ್ ಮಾಡ್ತೀನಿ" ಅಂತ ಹೇಳಿ, ಆಮೇಲೆ ನಿಜವಾಗ್ಲೂ ಮಾಡ್ಬೇಕು. ಮೇಲ್ ಮಾಡಿದ ಮೇಲೆ ಜನ ನಂಬೋದು ಜಾಸ್ತಿ ಆಗುತ್ತೆ, ಇದು ನನ್ನ ಅನುಭವ.

ಎರಡನೇ ಸೆಮಿಸ್ಟರ್ ಕೊನೆಯಲ್ಲಿ ಅದೇ ಲೈಬ್ರರಿ ವಿಷಯವನ್ನ ಮತ್ತೆ ಮಾಡ್ತೀನಿ ಅಂತ ಮೇಡಂ ಹತ್ರ ನಾನೇ ಕೇಳಿದೆ. ಈ ಸಲ 5 ಸ್ಲೈಡ್. ನಿಂತ ತಕ್ಷಣ ಮೊದಲ ವಾಕ್ಯ, "ಲೈಬ್ರರಿಯನ್ನ ರಾತ್ರಿ 9ರವರೆಗೆ ತೆರೆದಿಡೋಕೆ ನಿಮ್ಮ ಒಪ್ಪಿಗೆ ಕೇಳೋಕೆ ಬಂದಿದ್ದೀನಿ." ಮಧ್ಯದಲ್ಲಿ ಒಂದು ಕಡೆ ಮರೆತೂ ಹೋಯ್ತು, ಸುಮ್ನೆ ನಿಂತೆ, ನೆನಪಾಯ್ತು, ಮುಂದುವರಿಸಿದೆ. 8 ನಿಮಿಷಕ್ಕೆ ಮುಗೀತು. ಮೇಡಂ ಮತ್ತೆ ಚೀಟಿ ಹಂಚಿದ್ರು. ಆವತ್ತು ಬಂದಿದ್ದು 29 ಜನ, 26 ಚೀಟಿಯಲ್ಲಿ ಲೈಬ್ರರಿ ಸಮಯನೇ ಇತ್ತು. ಉಳಿದ ಮೂವರಲ್ಲಿ ಇಬ್ಬರು ಹೆಸರು ಬರೆದಿದ್ರು, ಕ್ಲಾಸ್ ಮುಗಿದ ಮೇಲೆ ಅವರನ್ನ ಹುಡುಕ್ಕೊಂಡು ಹೋಗಿ ಎಲ್ಲಿ ತಪ್ಪಿತು ಅಂತ ಕೇಳಿದೆ. ಮೂರನೇ ಸ್ಲೈಡಲ್ಲಿ ಸಿಬ್ಬಂದಿ ಕೊರತೆ ಬಗ್ಗೆ ಮಾತಾಡಿದ್ದನ್ನ ಅವರಿಬ್ಬರೂ ಹೊಸಬರನ್ನ ನೇಮಿಸ್ಕೊಳ್ಳಿ ಅನ್ನೋ ಬೇಡಿಕೆ ಅಂತ ತಗೊಂಡಿದ್ರು. ವಾಪಸ್ ಬಂದು ಆ ಸ್ಲೈಡ್ ತೆಗೆದು ನೋಡಿದೆ, ಹೆಡ್ಡಿಂಗ್ ನಿಜವಾಗ್ಲೂ ಹಾಗೇ ಓದಿಸ್ಕೊಳ್ತಿತ್ತು. ತಿದ್ದಿದೆ.