ಎಲ್ಲಾ ಒಂದೇ ಥರ ಇರುತ್ತವಲ್ಲ, ಮತ್ತೆ ಮತ್ತೆ ಯಾಕೆ ಓದ್ತೀರಿ?

ನಾನು ಪತ್ತೇದಾರಿ, ಸೈನ್ಸ್ ಫಿಕ್ಷನ್, ಫ್ಯಾಂಟಸಿ ಕಾದಂಬರಿಗಳನ್ನು ಓದುತ್ತೇನೆ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು. "ಕೊಲೆ ಆಗುತ್ತೆ, ತನಿಖೆ ನಡೆಯುತ್ತೆ, ಕೊನೆಗೆ ಕೊಲೆಗಾರ ಸಿಕ್ಕಿಬೀಳ್ತಾನೆ. ಪ್ರೇಮದ ಕತೆ ಆದ್ರೆ ಇಬ್ಬರೂ ಒಂದಾಗ್ತಾರೆ. ಎಲ್ಲಾ ಒಂದೇ ಥರ ಅಲ್ವಾ?" ಕೇಳುವವರಲ್ಲಿ ಹೆಚ್ಚಿನವರು ತಾವೂ ಚೆನ್ನಾಗಿ ಓದುವವರು. ಅವರಿಗೆ ಸುಮ್ನೆ "ನನಗಿಷ್ಟ, ಅದಕ್ಕೆ ಓದ್ತೀನಿ" ಅಂದರೆ ಸಾಲದು.

ಚೌಕಟ್ಟು ಒಂದೇ ಅನ್ನುವುದು ನಿಜ. ಆ ಚೌಕಟ್ಟು ಇದೆ ಅನ್ನುವ ಕಾರಣಕ್ಕೇ ನಾನು ಇವನ್ನು ಓದುತ್ತೇನೆ. ಅದು ಲೇಖಕರು ಓದುಗರಿಗೆ ಮೊದಲೇ ಕೊಟ್ಟ ಮಾತು. ಈ ಪುಸ್ತಕದಲ್ಲಿ ಒಗಟು ಇದೆ, ಅದಕ್ಕೆ ಉತ್ತರ ಸಿಗುತ್ತದೆ ಅನ್ನುವ ಮಾತು. ಎಲ್ಲಿಗೆ ತಲುಪುತ್ತೇವೆ ಅಂತ ಇಬ್ಬರಿಗೂ ಗೊತ್ತಿರುವುದರಿಂದ ಲೇಖಕರಿಗೆ ಬೇರೊಂದು ಕೆಲಸಕ್ಕೆ ಕೈ ಬಿಡುವಾಗುತ್ತದೆ. ನಾವು ಯಾವ ಪ್ರಶ್ನೆ ಇಟ್ಟುಕೊಂಡು ಪುಟ ತಿರುಗಿಸುತ್ತಿದ್ದೇವೋ ಆ ಪ್ರಶ್ನೆಯನ್ನೇ ಅವರು ಸದ್ದಿಲ್ಲದೆ ಬದಲಿಸಬಹುದು. ಈಗ ಬರೆಯುತ್ತಿರುವ ಒಳ್ಳೆಯ ಲೇಖಕರಲ್ಲಿ ನಾನು ಹುಡುಕುವುದು ಇದನ್ನೇ.

ಜಪಾನಿನ ಕೀಗೊ ಹಿಗಾಶಿನೊ ಅವರ 'ದ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್' ನೋಡಿ. ಮೂಲ ಜಪಾನೀ ಪುಸ್ತಕ ಬಂದದ್ದು 2005ರಲ್ಲಿ. ಮಗಳ ಜೊತೆ ಬದುಕುತ್ತಿರುವ ಒಬ್ಬ ಹೆಂಗಸು, ತನ್ನನ್ನು ಬಿಡದೆ ಕಾಡುತ್ತಿದ್ದ ಮಾಜಿ ಗಂಡನನ್ನು ಮನೆಯೊಳಗೇ ಕೊಲ್ಲುತ್ತಾಳೆ. ಕತೆ ಶುರುವಾಗಿ ಸ್ವಲ್ಪ ಹೊತ್ತಿನಲ್ಲೇ, ನಮ್ಮ ಕಣ್ಣೆದುರೇ ಇದು ನಡೆದುಹೋಗುತ್ತದೆ. ಯಾರು ಕೊಂದರು, ಹೇಗೆ, ಯಾಕೆ, ಎಲ್ಲವೂ ಗೊತ್ತು. ಪತ್ತೇದಾರಿ ಕಾದಂಬರಿ ಕೊನೆಯವರೆಗೆ ಬಚ್ಚಿಡಬೇಕಾದ್ದನ್ನೆಲ್ಲ ಲೇಖಕರು ಮೊದಲೇ ಕೊಟ್ಟುಬಿಟ್ಟಿದ್ದಾರೆ. ಆಮೇಲೆ ಪಕ್ಕದ ಮನೆಯ ಗಣಿತದ ಮೇಷ್ಟ್ರು ಇಶಿಗಾಮಿ ಬಂದು, ಮುಂದಿನದನ್ನು ತಾನು ನೋಡಿಕೊಳ್ಳುತ್ತೇನೆ ಅನ್ನುತ್ತಾನೆ. ಪೊಲೀಸರಿಗೆ ನೆರವಾಗುವ ಭೌತವಿಜ್ಞಾನಿ ಯುಕಾವಾ, ಅದೇ ಇಶಿಗಾಮಿಯನ್ನು ಕಾಲೇಜಿನ ದಿನಗಳಿಂದ ಬಲ್ಲವನು. ಇಬ್ಬರಿಗೂ ಇನ್ನೊಬ್ಬನ ಬುದ್ಧಿಯ ಮೇಲೆ ತುಂಬಾ ಗೌರವ. ಕೊಲೆಗಾರರು ಯಾರು ಅನ್ನುವ ಪ್ರಶ್ನೆ ಇಲ್ಲಿ ಇಲ್ಲವೇ ಇಲ್ಲ. ಇಶಿಗಾಮಿ ಅಷ್ಟಕ್ಕೂ ಮಾಡಿದ್ದೇನು? ಇದೇ ಪ್ರಶ್ನೆ.

ಪುಸ್ತಕದ ನಡುವೆ, ಇಶಿಗಾಮಿ ಪರೀಕ್ಷೆಗೆ ಪ್ರಶ್ನೆ ತೆಗೆಯುವ ರೀತಿಯ ಬಗ್ಗೆ ಒಂದು ಮಾತು ಬರುತ್ತದೆ. ನೋಡಲು ಜ್ಯಾಮಿತಿಯ ಲೆಕ್ಕ, ಬಿಡಿಸಬೇಕಾದದ್ದು ಬೀಜಗಣಿತದ ದಾರಿಯಲ್ಲಿ. ಜ್ಯಾಮಿತಿ ಅಂದುಕೊಂಡು ಕೂತವರು ಎಷ್ಟು ಒದ್ದಾಡಿದರೂ ಉತ್ತರ ಬರುವುದಿಲ್ಲ. ಹಿಗಾಶಿನೊ ತಮ್ಮ ಪುಸ್ತಕದ ಬೀಗದ ಕೈಯನ್ನು ಅಲ್ಲೇ, ಎದುರಿಗೇ ಇಟ್ಟಿದ್ದಾರೆ. ಆದರೂ ನಾವು ಅದನ್ನು ದಾಟಿ ಮುಂದೆ ಹೋಗುತ್ತೇವೆ. ಇದು ಯಾವ ಥರದ ಕತೆ ಅಂತ ನಮಗೆ ಗೊತ್ತು ಅನ್ನುವ ನಂಬಿಕೆ ನಮ್ಮದು. ಆ ನಂಬಿಕೆ ಬಂದದ್ದು ಎಲ್ಲಿಂದ? ಮುಂಚೆ ಓದಿದ ಎಷ್ಟೋ "ಒಂದೇ ಥರದ" ಕಾದಂಬರಿಗಳಿಂದ. ಚೌಕಟ್ಟೇ ಗೊತ್ತಿಲ್ಲದವರನ್ನು ಹೀಗೆ ದಾರಿ ತಪ್ಪಿಸಲು ಆಗುವುದಿಲ್ಲ.

ಈ ಪುಸ್ತಕಕ್ಕೆ 2006ರಲ್ಲಿ ಜಪಾನಿನಲ್ಲಿ ಜನಪ್ರಿಯ ಸಾಹಿತ್ಯಕ್ಕೆ ಕೊಡುವ ನಾವೋಕಿ ಪ್ರಶಸ್ತಿ ಬಂತು. ಅದರ ಜೊತೆಗೇ ಅಲ್ಲಿನ ಪತ್ತೇದಾರಿ ಲೇಖಕರು, ವಿಮರ್ಶಕರ ನಡುವೆ ದೊಡ್ಡ ಚರ್ಚೆಯೂ ಎದ್ದಿತು. ಇದನ್ನು ಅಪ್ಪಟ ಒಗಟಿನ ಕಾದಂಬರಿ ಅನ್ನಬಹುದೇ? ಓದುಗರು ತಾವೇ ಉತ್ತರ ಕಂಡುಕೊಳ್ಳುವಷ್ಟು ಸುಳಿವು ಇದರಲ್ಲಿ ಇದೆಯೇ? ನನಗೆ ಆ ಚರ್ಚೆ ನಡೆದದ್ದೇ ಖುಷಿ. ಓದುಗರಿಗೆ ಕೊಟ್ಟ ಮಾತು ಉಳಿಯಿತೋ ಇಲ್ಲವೋ ಅಂತ ಲೇಖಕರು ಒಬ್ಬರಿಗೊಬ್ಬರು ಲೆಕ್ಕ ಕೇಳುತ್ತಾರೆ. ಬೇರೆ ಯಾವ ಬಗೆಯ ಬರವಣಿಗೆಯಲ್ಲಿ ಇದು ನಡೆಯುತ್ತದೆ ಹೇಳಿ?

ಈ ಲೆಕ್ಕ ಕೇಳುವುದು ಹಳೆಯದು. 1929ರಲ್ಲಿ ಇಂಗ್ಲೆಂಡಿನ ಪಾದ್ರಿ ಮತ್ತು ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ ಹತ್ತು ನಿಯಮ ಬರೆದರು. ಪತ್ತೇದಾರನಿಗೆ ಸಿಕ್ಕ ಸುಳಿವು ಆಗಿಂದಾಗಲೇ ಓದುಗರಿಗೂ ಕಾಣಬೇಕು. ಗುಪ್ತ ದಾರಿ ಒಂದಕ್ಕಿಂತ ಜಾಸ್ತಿ ಇರಬಾರದು. ಸೂಚನೆ ಕೊಡದೆ ಅವಳಿಗಳನ್ನು ತರಬಾರದು. ಇದಾಗಿ ಹೆಚ್ಚುಕಮ್ಮಿ ನೂರು ವರ್ಷ ಆಗುತ್ತಾ ಬಂತು. 2022ರಲ್ಲಿ ಆಸ್ಟ್ರೇಲಿಯಾದ ಬೆಂಜಮಿನ್ ಸ್ಟೀವನ್‌ಸನ್ ತಮ್ಮ 'ಎವ್ರಿವನ್ ಇನ್ ಮೈ ಫ್ಯಾಮಿಲಿ ಹ್ಯಾಸ್ ಕಿಲ್ಡ್ ಸಮ್‌ವನ್' ಕಾದಂಬರಿಯ ಶುರುವಿನಲ್ಲೇ ಈ ನಿಯಮಗಳನ್ನು ಅಚ್ಚು ಹಾಕಿದರು. ಯಾವ ಯಾವ ಪುಟದಲ್ಲಿ ಸಾವು ಬರುತ್ತದೆ ಅಂತ ಕತೆ ಹೇಳುವವನು ಮೊದಲೇ ಪುಟದ ಸಂಖ್ಯೆ ಕೊಡುತ್ತಾನೆ. ನಾನು ಸುಳ್ಳು ಹೇಳುವುದಿಲ್ಲ ಅಂತ ಭರವಸೆಯನ್ನೂ ಕೊಡುತ್ತಾನೆ. ಇಷ್ಟೆಲ್ಲ ಬಿಚ್ಚಿಟ್ಟ ಮೇಲೂ ಕೊನೆಯವರೆಗೆ ಊಹೆ ನಡೆದೇ ಇರುತ್ತದೆ. ನಿಯಮ ಹಳೆಯದಾದರೆ ಆಟ ಮುಗಿಯುತ್ತದೆ ಅನ್ನುವವರು ಇದನ್ನೊಮ್ಮೆ ಓದಬೇಕು.

ಕೊಟ್ಟ ಮಾತನ್ನು ಬೇಕೆಂದೇ ಅರ್ಧಕ್ಕೆ ನಿಲ್ಲಿಸಿದರೆ? ಐರ್ಲೆಂಡಿನಲ್ಲಿ ನೆಲೆಸಿರುವ ಲೇಖಕಿ ಟಾನಾ ಫ್ರೆಂಚ್ ತಮ್ಮ ಮೊದಲ ಕಾದಂಬರಿ 'ಇನ್ ದ ವುಡ್ಸ್'ನಲ್ಲಿ (2007) ಅದನ್ನೇ ಮಾಡಿದರು. ಡಬ್ಲಿನ್ ಹತ್ತಿರದ ಒಂದು ಕಾಡು. 1984ರಲ್ಲಿ ಅಲ್ಲಿಗೆ ಆಡಲು ಹೋದ ಮೂವರು ಮಕ್ಕಳಲ್ಲಿ ಇಬ್ಬರು ಕಾಣೆಯಾಗುತ್ತಾರೆ. ಉಳಿದ ಒಬ್ಬ ಹುಡುಗನಿಗೆ ಏನೂ ನೆನಪಿಲ್ಲ. ಅವನ ಶೂ ಒಳಗೆ ರಕ್ತ. ಅದೇ ಹುಡುಗ ಬೆಳೆದು ಪೊಲೀಸ್ ಆಗಿ, ಅದೇ ಜಾಗದಲ್ಲಿ ನಡೆದ ಇನ್ನೊಂದು ಕೊಲೆಯ ತನಿಖೆಗೆ ಬರುತ್ತಾನೆ. ಈ ಎರಡರಲ್ಲಿ ಒಂದಕ್ಕೆ ಮಾತ್ರ ಫ್ರೆಂಚ್ ಉತ್ತರ ಕೊಡುತ್ತಾರೆ. ಇದಕ್ಕೆ ಓದುಗರು ಸಿಟ್ಟಾದದ್ದು ಕಡಿಮೆಯೇನಲ್ಲ, ಇವತ್ತಿಗೂ ಸಿಟ್ಟಾಗುತ್ತಾರೆ. ನನ್ನ ಮಟ್ಟಿಗೆ ಆ ಸಿಟ್ಟೇ ಪುಸ್ತಕದ ಶಕ್ತಿ. ತನಗೇನಾಯಿತು ಅಂತ ಎಂದೂ ತಿಳಿಯದೆ ಬದುಕಬೇಕಾದವನ ಸಂಕಟ ಎಂಥದ್ದು ಅಂತ ಅವರು ಹೇಳಿಲ್ಲ, ನಮ್ಮ ಕೈಗೇ ಕೊಟ್ಟುಬಿಟ್ಟಿದ್ದಾರೆ. ಉತ್ತರ ಸಿಗುತ್ತದೆ ಅನ್ನುವ ವಾಡಿಕೆಯೇ ಇಲ್ಲದ ಕಾದಂಬರಿಯಲ್ಲಿ ಉತ್ತರ ಸಿಗದಿದ್ದರೆ ಯಾರಿಗೂ ಇಷ್ಟು ನೋವಾಗುವುದಿಲ್ಲ.

ಫ್ರೆಂಚ್ ನಟಿಯಾಗಿ ತರಬೇತಿ ಪಡೆದವರು. 'ಇನ್ ದ ವುಡ್ಸ್'ನಿಂದ ಶುರುವಾದ ಸರಣಿಯ ಪ್ರತಿ ಪುಸ್ತಕದಲ್ಲಿ ಕತೆ ಹೇಳುವವರು ಬದಲಾಗುತ್ತಾರೆ. ಒಂದರಲ್ಲಿ ಪಕ್ಕದಲ್ಲಿದ್ದ ಪಾತ್ರ ಇನ್ನೊಂದರಲ್ಲಿ ನಡುವಿಗೆ ಬರುತ್ತದೆ. ಒಂದೊಂದು ದನಿಯೂ ಬೇರೆ ಬೇರೆ ಮನುಷ್ಯರದ್ದೇ ಅನ್ನಿಸುವುದಕ್ಕೆ ಆ ರಂಗದ ಅನುಭವವೇ ಕಾರಣ ಇರಬೇಕು ಅಂತ ನನ್ನ ಊಹೆ.

ಸೈನ್ಸ್ ಫಿಕ್ಷನ್‌ಗೆ ಬಂದರೆ, ಚೀನಾದ ಲಿಯು ತ್ಸಿಶಿನ್ ಅವರ 'ದ ತ್ರೀ-ಬಾಡಿ ಪ್ರಾಬ್ಲಮ್' ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಲಿಯು ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್ ಆಗಿದ್ದುಕೊಂಡೇ ಬರೆದವರು. ಈ ಕತೆ 2006ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, 2008ರಲ್ಲಿ ಪುಸ್ತಕವಾಯಿತು. 2014ರಲ್ಲಿ ಕೆನ್ ಲಿಯು ಅದನ್ನು ಇಂಗ್ಲಿಷಿಗೆ ತಂದರು. ಮರುವರ್ಷ ಸೈನ್ಸ್ ಫಿಕ್ಷನ್, ಫ್ಯಾಂಟಸಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. ಅನುವಾದವಾಗಿ ಬಂದ ಕಾದಂಬರಿಯೊಂದಕ್ಕೆ ಹ್ಯೂಗೋ ಸಿಕ್ಕಿದ್ದು ಅದೇ ಮೊದಲು.

ಇಂಗ್ಲಿಷ್ ಪುಸ್ತಕ ಶುರುವಾಗುವುದು 1967ರಲ್ಲಿ, ಮಾವೋ ಕಾಲದ ಚೀನಾದ ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ. ಭೌತವಿಜ್ಞಾನದ ಪ್ರಾಧ್ಯಾಪಕರೊಬ್ಬರನ್ನು ಜನರ ಮುಂದೆ ನಿಲ್ಲಿಸಿ ಹೊಡೆದು ಕೊಲ್ಲುತ್ತಾರೆ, ಮಗಳು ನೋಡುತ್ತಾಳೆ. ಚೀನೀ ಪುಸ್ತಕದಲ್ಲಿ ಈ ಭಾಗ ಮೊದಲಿಗೆ ಇಲ್ಲ. ರಾಜಕೀಯ ಜಾಸ್ತಿಯಾಯಿತು ಅನ್ನುವ ಅಳುಕಿನಿಂದ ಅಲ್ಲಿನ ಪ್ರಕಾಶಕರು ಅದನ್ನು ಒಳಗಿನ ಅಧ್ಯಾಯಗಳಿಗೆ ತಳ್ಳಿದ್ದರು. ಅದನ್ನು ಮುಂದಕ್ಕೆ ತರೋಣವೇ ಅಂತ ಅನುವಾದಕರು ಕೇಳಿದಾಗ, ತಾನು ಮೊದಲು ಬಯಸಿದ್ದೂ ಹಾಗೇ ಅಂತ ಲೇಖಕರು ಒಪ್ಪಿದರು. ಯೋಚಿಸಿ ನೋಡಿ. ಚೀನೀ ಪುಸ್ತಕದ ಓದುಗರು ಇವತ್ತಿನ ಕಾಲದ ಒಂದು ತನಿಖೆಯಿಂದ ಹೊರಡುತ್ತಾರೆ: ವಿಜ್ಞಾನಿಗಳು ಯಾಕೆ ಸಾಯುತ್ತಿದ್ದಾರೆ? ಇಂಗ್ಲಿಷಿನ ಓದುಗರು ಒಬ್ಬ ಮಗಳ ಜೊತೆ ಹೊರಡುತ್ತಾರೆ: ಮನುಷ್ಯರ ಮೇಲೆ ಇವಳಿಗೆ ಇನ್ನು ನಂಬಿಕೆ ಉಳಿದೀತೇ? ಅದೇ ಪಾತ್ರಗಳು, ಅದೇ ಘಟನೆಗಳು. ಮೊದಲನೆಯದು ಪತ್ತೇದಾರಿ ಕತೆಯ ಹಾಗೆ ಕೂತು ಓದಿಸುತ್ತದೆ, ಎರಡನೆಯದು ದುರಂತ ಕತೆಯ ಹಾಗೆ ಎದೆ ಹಿಂಡುತ್ತದೆ. ಅನ್ಯಗ್ರಹದವರು ಭೂಮಿಯ ಕಡೆ ಬರುವ ಕತೆ ನೂರು ಸಲ ಬಂದಿದೆ, ಒಪ್ಪಿದೆ. ಅವರನ್ನು ಕರೆಯುವಷ್ಟು ಹತಾಶೆ ಆ ಮಗಳಿಗೆ ಹೇಗೆ ಬಂತು ಅಂತ ಇಷ್ಟು ಗಂಭೀರವಾಗಿ ಕೇಳಿದ ಕಾದಂಬರಿ ನಾನು ಬೇರೆ ಓದಿಲ್ಲ.

ಆಂಡಿ ವಿಯರ್ ಅವರದು ಇನ್ನೊಂದು ದಾರಿ. ಪ್ರೋಗ್ರಾಮರ್ ಆಗಿದ್ದ ಅವರು 'ದ ಮಾರ್ಷಿಯನ್' ಕತೆಯನ್ನು ಒಂದೊಂದೇ ಅಧ್ಯಾಯವಾಗಿ ತಮ್ಮದೇ ಜಾಲತಾಣದಲ್ಲಿ ಹಾಕುತ್ತಾ ಹೋದರು. ಓದುಗರು ಲೆಕ್ಕದ ತಪ್ಪುಗಳನ್ನು ತೋರಿಸಿದರು, ಅವರು ತಿದ್ದಿದರು. 2011ರಲ್ಲಿ ತಾವೇ ಇ-ಪುಸ್ತಕ ಮಾಡಿದರು, 2014ರಲ್ಲಿ ದೊಡ್ಡ ಪ್ರಕಾಶಕರಿಂದ ಅಚ್ಚಾಯಿತು. ಮಂಗಳ ಗ್ರಹದಲ್ಲಿ ಒಂಟಿಯಾಗಿ ಉಳಿದವನು ನೀರು, ಗಾಳಿ, ಆಹಾರವನ್ನು ಹೇಗೆ ಹೊಂದಿಸಿಕೊಂಡ ಅನ್ನುವುದಕ್ಕೆ ಪುಟಪುಟದಲ್ಲೂ ಲೆಕ್ಕ ಇದೆ. ಲೆಕ್ಕ ಸರಿ ಇರುತ್ತದೆ ಅನ್ನುವುದೇ ಇಲ್ಲಿ ಓದುಗರಿಗೆ ಕೊಟ್ಟ ಮಾತು. ಅದು ತಪ್ಪುವುದು ಮುಖ್ಯವಾಗಿ ಕತೆಯ ಶುರುವಿನಲ್ಲೇ, ಅವನನ್ನು ಅಲ್ಲಿ ಒಂಟಿ ಮಾಡಿದ ಬಿರುಗಾಳಿಯಲ್ಲಿ. ಮಂಗಳದ ವಾಯುಮಂಡಲದ ಒತ್ತಡ ಭೂಮಿಯದರ ನೂರನೇ ಒಂದು ಪಾಲಿಗಿಂತ ಕಡಿಮೆ. ಅಲ್ಲಿನ ಗಾಳಿಗೆ ರಾಕೆಟ್ ಉರುಳಿಸುವ ಬಲ ಬರುವುದಿಲ್ಲ. ಗೊತ್ತಿದ್ದೇ ಹಾಗೆ ಬರೆದೆ ಅಂತ ವಿಯರ್ ಹೇಳಿದ್ದಾರೆ. ಒಂದು ಕಡೆ ಸಡಿಲ ಬಿಟ್ಟು ಉಳಿದ ಕಡೆ ಬಿಗಿಯಾಗಿ ಹಿಡಿದದ್ದಕ್ಕೇ ಕತೆ ನಿಂತಿದೆ.

ಫ್ಯಾಂಟಸಿಯಲ್ಲಿ ಎನ್.ಕೆ. ಜೆಮಿಸಿನ್ ಅವರ ಮೂರು ಪುಸ್ತಕಗಳ ಸರಣಿಗೆ 2016, 2017, 2018ರಲ್ಲಿ ಸತತವಾಗಿ ಹ್ಯೂಗೋ ಬಂತು. ಹಾಗೆ ಬೇರೆ ಯಾರಿಗೂ ಅದಕ್ಕೆ ಮುಂಚೆ ಬಂದಿರಲಿಲ್ಲ. ಲೋಕವನ್ನು ವಿನಾಶದಿಂದ ಉಳಿಸುವುದು ಫ್ಯಾಂಟಸಿಯ ತೀರಾ ಹಳೆಯ ದಾರಿ, ಅಲ್ವಾ? ಈ ಸರಣಿಯ ಮೊದಲ ಪುಸ್ತಕ 'ದ ಫಿಫ್ತ್ ಸೀಸನ್' ಲೋಕದ ಕೊನೆಯಿಂದಲೇ ಶುರುವಾಗುತ್ತದೆ. ನೆಲ ನಡುಗಿಸುವ, ನಡುಗುವ ನೆಲವನ್ನು ಶಾಂತ ಮಾಡುವ ಶಕ್ತಿ ಇರುವವರನ್ನು ಅಲ್ಲಿನ ಸಮಾಜ ದುಡಿಸಿಕೊಳ್ಳುತ್ತದೆ, ಅಷ್ಟೇ ದ್ವೇಷಿಸುತ್ತದೆ. ಇಂಥ ಲೋಕ ಉಳಿಯಲೇಬೇಕೇ ಅಂತ ಜೆಮಿಸಿನ್ ಕೇಳುತ್ತಾರೆ. ಆ ಪ್ರಶ್ನೆ ಓದುವಾಗ ನನಗೆ ನಿಜಕ್ಕೂ ಕಷ್ಟವಾಯಿತು.

ಪ್ರೇಮ ಕಾದಂಬರಿಗಳನ್ನು ನಾನು ಓದುವುದು ಕಡಿಮೆ. ಆದರೆ ಸುಖಾಂತ್ಯ ಮೊದಲೇ ಗೊತ್ತು ಅನ್ನುವ ದೂರು ಸಲ್ಲದು. ಎಮಿಲಿ ಹೆನ್ರಿ ಅವರ 'ಬೀಚ್ ರೀಡ್'ನಲ್ಲಿ (2020) ಪ್ರೇಮದ ಕತೆ ಬರೆಯುವವಳೂ ಗಂಭೀರ ಕಾದಂಬರಿ ಬರೆಯುವವನೂ ಬರವಣಿಗೆಯ ಬಗೆಯನ್ನು ಅದಲು ಬದಲು ಮಾಡಿಕೊಳ್ಳುತ್ತಾರೆ. ಸುಖಾಂತ್ಯ ಬರೆಯುವುದು ಎಷ್ಟು ಕಷ್ಟ ಅಂತ ಅವನಿಗೆ ಆಗ ಗೊತ್ತಾಗುತ್ತದೆ.

ಸರಣಿಗಳ ಬಗ್ಗೆಯೂ ಇದೇ ದೂರು ಬರುತ್ತದೆ: ಅದೇ ಪತ್ತೇದಾರ, ಅದೇ ಊರು. ಇಯಾನ್ ರ‍್ಯಾಂಕಿನ್ ಅವರ ಪೊಲೀಸ್ ಪತ್ತೇದಾರ ರೀಬಸ್ ಮೊದಲು ಬಂದದ್ದು 1987ರಲ್ಲಿ. ಆ ಪಾತ್ರಕ್ಕೆ ನಮ್ಮ ಹಾಗೇ ವಯಸ್ಸಾಗುತ್ತಾ ಹೋಗುತ್ತದೆ. 2007ರ ಪುಸ್ತಕದಲ್ಲಿ ನಿವೃತ್ತಿಯ ವಯಸ್ಸು ಬಂದಾಗ ರೀಬಸ್ ಕೆಲಸ ಬಿಡಲೇಬೇಕಾಗುತ್ತದೆ. ಒಬ್ಬ ಮನುಷ್ಯ ತನ್ನ ಕೆಲಸದ ಜೊತೆ ಮುದುಕನಾಗುವುದನ್ನು ಇಪ್ಪತ್ತು ವರ್ಷದ ಉದ್ದಕ್ಕೂ ನೋಡಲು ಒಂದು ಕಾದಂಬರಿ ಸಾಲುವುದಿಲ್ಲ.

ಇಷ್ಟಾದರೂ, ದೂರು ಸರಿಯಾಗಿಯೇ ತಗಲುವ ಪುಸ್ತಕಗಳು ಬೇಕಾದಷ್ಟಿವೆ. ಒಂದು ಥ್ರಿಲ್ಲರ್ ಗೆದ್ದರೆ ಸಾಕು, ಅದರ ಹೆಸರು, ಮುಖಪುಟ, ತಿರುವು ಎಲ್ಲವನ್ನೂ ಹೋಲುವ ಹತ್ತಾರು ಪುಸ್ತಕಗಳು ಹಿಂದೆಯೇ ಬರುತ್ತವೆ. ಅವುಗಳಲ್ಲಿ ತಿರುವು ಮೊದಲು ಹುಟ್ಟಿರುತ್ತದೆ, ಮನುಷ್ಯರು ಆಮೇಲೆ. ಕೊನೆಯ ಅಧ್ಯಾಯದಲ್ಲಿ ಕೊಲೆಗಾರನ ಹುಚ್ಚಿನ ಮೇಲೆ ಎಲ್ಲವನ್ನೂ ಹೊರಿಸಿ ಕೈ ತೊಳೆದುಕೊಳ್ಳುತ್ತಾರೆ. ಅಂಥವನ್ನು ನಾನು ಅರ್ಧಕ್ಕೇ ಮುಚ್ಚಿಡುತ್ತೇನೆ.

ಇವೆಲ್ಲ ಸಾಹಿತ್ಯವೇ ಅನ್ನುವ ಪ್ರಶ್ನೆಗೆ ಹೆಚ್ಚು ಹೊತ್ತು ಬೇಡ. ಕೋಲ್ಸನ್ ವೈಟ್‌ಹೆಡ್ ಅವರ 'ದ ಅಂಡರ್‌ಗ್ರೌಂಡ್ ರೈಲ್‌ರೋಡ್'ಗೆ 2017ರಲ್ಲಿ ಅಮೆರಿಕದ ದೊಡ್ಡ ಸಾಹಿತ್ಯ ಪ್ರಶಸ್ತಿ ಪುಲಿಟ್ಜರ್ ಬಂತು. ಅದೇ ವರ್ಷ ಸೈನ್ಸ್ ಫಿಕ್ಷನ್‌ಗೆ ಕೊಡುವ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯೂ ಬಂತು. ಒಂದೇ ಪುಸ್ತಕಕ್ಕೆ ಎರಡೂ.

ಹಾಗಾದರೆ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ, ಒಗಟು ಇಷ್ಟವಿದ್ದವರಿಗೆ ಹಿಗಾಶಿನೊ. ನಿಧಾನವಾಗಿ ಮನುಷ್ಯರೊಳಗೆ ಇಳಿಯುವ ಕತೆ ಬೇಕಾದವರಿಗೆ ಫ್ರೆಂಚ್. ಎರಡೂ ಗೊತ್ತಿಲ್ಲ, ಒಂದೇ ಒಂದು ಪುಸ್ತಕ ಹೇಳಿ ಅಂದರೆ ಸುಸಾನಾ ಕ್ಲಾರ್ಕ್ ಅವರ 'ಪಿರಾನೇಸಿ' (2020) ಹೇಳುತ್ತೇನೆ. ಮೊದಲ ದೊಡ್ಡ ಕಾದಂಬರಿಯ ನಂತರ ಅನಾರೋಗ್ಯದಿಂದ ವರ್ಷಗಟ್ಟಲೆ ನರಳಿ, ಹದಿನಾರು ವರ್ಷದ ಮೇಲೆ ಅವರು ತಂದ ಕಾದಂಬರಿ ಇದು. ಕೊನೆಯೇ ಇಲ್ಲದ ಹಜಾರಗಳು, ಸಾಲು ಸಾಲು ಮೂರ್ತಿಗಳು, ಮನೆಯೊಳಗೇ ಏರಿ ಇಳಿಯುವ ಕಡಲು. ಇದು ಫ್ಯಾಂಟಸಿಯೋ ಪತ್ತೇದಾರಿಯೋ ಅಂತ ನಾನು ಹೇಳುವುದಿಲ್ಲ. ಪುಸ್ತಕದ ಹಿಂಬದಿ ಓದಬೇಡಿ, ಬೇರೆಯವರ ವಿಮರ್ಶೆಯನ್ನೂ ಓದಬೇಡಿ. ಮೊದಲ ಕೆಲವು ಪುಟಗಳಲ್ಲಿ ಏನೂ ಅರ್ಥವಾಗದಿದ್ದರೆ ಬಿಟ್ಟು ಏಳಬೇಡಿ. ತಾನು ಎಲ್ಲಿದ್ದೇನೆ ಅಂತ ಕತೆ ಹೇಳುವವನಿಗೂ ಆಗ ಇನ್ನೂ ಗೊತ್ತಿರುವುದಿಲ್ಲ.