ಹಳೆಯ ಡುಕಾಟಿಯಲ್ಲಿ ಕೊಡಗು: ಹೊರಡುವವರಿಗೆ ಕೆಲವು ಮಾತು

ಹಳೆಯ ಇಟಾಲಿಯನ್ ಸ್ಪೋರ್ಟ್ಸ್ ಬೈಕಿನಲ್ಲಿ ಕೊಡಗಿಗೆ ಹೋಗಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ: ಧಾರಾಳವಾಗಿ ಹೋಗಿ, ಆದರೆ ಬೈಕಿನ ಕೆಲಸವೆಲ್ಲ ಮನೆಯಲ್ಲೇ ಮುಗಿಸಿಕೊಂಡು ಹೋಗಿ. ಮಡಿಕೇರಿ, ವಿರಾಜಪೇಟೆಗಳಲ್ಲಿ ಪಳಗಿದ ಮೆಕ್ಯಾನಿಕ್‌ಗಳಿದ್ದಾರೆ. ಬುಲೆಟ್ಟನ್ನಾಗಲಿ ಜೀಪನ್ನಾಗಲಿ ಒಪ್ಪಿಸಿದರೆ ಸಂಜೆಯೊಳಗೆ ಸರಿಮಾಡಿ ಕೊಡುತ್ತಾರೆ. ಆದರೆ ಡುಕಾಟಿಯ ಬೆಲ್ಟ್, ವಾಲ್ವ್ ಶಿಮ್ (ವಾಲ್ವಿನ ಅಂತರ ಹೊಂದಿಸುವ ತೆಳು ಬಿಲ್ಲೆ), ಸೆನ್ಸರ್‌ಗಳನ್ನು ಅವರಾದರೂ ಎಲ್ಲಿಂದ ತರಬೇಕು? ಕೆಟ್ಟರೆ ಪಿಕಪ್ ವಾಹನಕ್ಕೆ ಹೇರಿ ಬೆಂಗಳೂರಿಗೆ ತರುವುದೊಂದೇ ದಾರಿ.

ನನ್ನದು 2010ರ ಡುಕಾಟಿ 848. ಎರಡನೆಯ ಮಾಲೀಕನಾಗಿ ಕೊಂಡದ್ದು. ಮಾಸ್ಸಿಮೊ ತಂಬುರಿನಿ ರೂಪಿಸಿದ, 1994ರಲ್ಲಿ ಮಾರುಕಟ್ಟೆಗೆ ಬಂದ ಡುಕಾಟಿ 916ರ ಚಹರೆ ಇದರಲ್ಲಿ ಎದ್ದು ಕಾಣುತ್ತದೆ. ಹಿಂದಿನ ಚಕ್ರವನ್ನು ಒಂದೇ ಬದಿಯಿಂದ ಹಿಡಿದ ತೋಳು, ಸೀಟಿನ ಕೆಳಗಿನಿಂದ ಹಾದು ಬಾಲದಲ್ಲಿ ತೆರೆದುಕೊಳ್ಳುವ ಸೈಲೆನ್ಸರ್‌ಗಳು. ಈ ಬೈಕನ್ನು ನಾನು ತುಂಬಾ ಪ್ರೀತಿಸುತ್ತೇನೆ. ಅದಕ್ಕಾಗಿಯೇ ಹೊರಡುವ ಮುನ್ನ ಅದನ್ನು ಅನುಮಾನದಿಂದಲೇ ನೋಡುತ್ತೇನೆ.

ಮೊದಲು ಟೈಮಿಂಗ್ ಬೆಲ್ಟ್. ಡುಕಾಟಿಯ ಡೆಸ್ಮೊ ವ್ಯವಸ್ಥೆಯಲ್ಲಿ ವಾಲ್ವನ್ನು ತೆರೆಯಲು ಮಾತ್ರವಲ್ಲ, ಮುಚ್ಚಲೂ ರಾಕರ್ ಎಂಬ ಸನ್ನೆ ಇದೆ. ಇದನ್ನೆಲ್ಲ ತಿರುಗಿಸುವುದು ರಬ್ಬರಿನ ಬೆಲ್ಟ್. ಅದು ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳಾಗುತ್ತದೆ. ಬೈಕ್ ಓಡಿದ್ದು ಕಡಿಮೆ ಎಂದು ಸಮಾಧಾನಪಡಬೇಡಿ, ಬೆಲ್ಟಿಗೆ ಕಿಲೋಮೀಟರಿನಷ್ಟೇ ವಯಸ್ಸೂ ಲೆಕ್ಕ. ಹಿಂದಿನ ಮಾಲೀಕರು ಬೆಲ್ಟ್ ಬದಲಿಸಿದ ಬಿಲ್ ಕೊಡದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ. 848ಕ್ಕೆ 12,000 ಕಿ.ಮೀ.ಗೊಮ್ಮೆ ವಾಲ್ವ್ ಅಂತರದ ತಪಾಸಣೆಯೂ ಆಗಬೇಕು.

ಆಮೇಲೆ ಟೈರ್. ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 1419 ಎಂದಿದ್ದರೆ 2019ರ 14ನೇ ವಾರ ತಯಾರಾದದ್ದು. ಗ್ಯಾರೇಜಿನಲ್ಲೇ ಹೆಚ್ಚು ಕಾಲ ನಿಲ್ಲುವ ಬೈಕುಗಳಲ್ಲಿ ಟೈರಿನ ಗೀರು ಸವೆಯದೆ ಆಳವಾಗಿಯೇ ಇರುತ್ತದೆ, ರಬ್ಬರ್ ಮಾತ್ರ ಗಟ್ಟಿಯಾಗಿ ಹಿಡಿತ ಬಿಟ್ಟಿರುತ್ತದೆ. ಕೊಡಗಿನ ಬೆಳಗಿನ ಒದ್ದೆ ತಿರುವಿಗೆ ಅಂಥ ಟೈರ್ ಬೇಡವೇ ಬೇಡ. ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ಸುತ್ತ ಎಣ್ಣೆ ಜಿನುಗಿದೆಯೇ ನೋಡಿ. ಎಂಜಿನ್ 4,000 ಆರ್‌ಪಿಎಂನಲ್ಲಿರುವಾಗ ಬ್ಯಾಟರಿಯ ತುದಿಗಳಲ್ಲಿ 13.5ರಿಂದ 14.5 ವೋಲ್ಟ್ ತೋರಿಸಬೇಕು. ಕಡಿಮೆ ಇದ್ದರೆ ಚಾರ್ಜಿಂಗನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೈಕೊಡಲು ಹೊರಟಿರಬಹುದು. ಈ ಕಾರಣಕ್ಕೇ ಕ್ಯಾಮೆರಾ, ಮೊಬೈಲುಗಳನ್ನು ಬೈಕಿನ ವಿದ್ಯುತ್ತಿನಿಂದ ಚಾರ್ಜ್ ಮಾಡಬೇಡಿ. ಪವರ್ ಬ್ಯಾಂಕ್ ಒಯ್ಯಿರಿ.

ಕಾಗದಪತ್ರದ ಒಂದು ಮಾತು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಈ ಬೈಕುಗಳಲ್ಲಿ ಹಲವು ಈಗ ಅದೇ ಗಡಿಯಲ್ಲಿವೆ. ದಿನಾಂಕ ನೋಡಿಕೊಂಡೇ ಹೊರಡಿ.

ಪೆಟ್ರೋಲಿನದು ಹೊಸ ಚಿಂತೆ. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಆ ಕಾಲದ ಹಲವು ಡುಕಾಟಿಗಳ ಟ್ಯಾಂಕ್ ಪ್ಲಾಸ್ಟಿಕ್ಕಿನದು. ಎಥನಾಲಿಗೆ ಅದು ಉಬ್ಬಿ ಸೀಟಿನ ಬಳಿಯ ಕೂಡುಜಾಗದಲ್ಲಿ ಒತ್ತಿಕೊಳ್ಳತೊಡಗುತ್ತದೆ. ಪ್ರವಾಸದ ಎರಡು ದಿನದಲ್ಲಿ ಏನೂ ಆಗದು, ತೊಂದರೆಯಾಗುವುದು ತುಂಬಿದ ಟ್ಯಾಂಕನ್ನು ತಿಂಗಳುಗಟ್ಟಲೆ ನಿಲ್ಲಿಸಿದಾಗ. ಮನೆ ಸೇರಿದ ಮೇಲೆ ಟ್ಯಾಂಕ್ ಖಾಲಿ ಮಾಡಿಡಿ. 95 ಆಕ್ಟೇನಿನ ಪೆಟ್ರೋಲ್ ಮೈಸೂರಿನಲ್ಲೇ ತುಂಬಿಸಿಕೊಳ್ಳಿ. 848ರ ಟ್ಯಾಂಕ್ ಹಿಡಿಯುವುದು 15.5 ಲೀಟರ್ ಮಾತ್ರ, ಭಾಗಮಂಡಲದ ಕಡೆ ತಿರುಗುವ ಮುನ್ನ ಮಡಿಕೇರಿಯಲ್ಲಿ ಮತ್ತೆ ಭರ್ತಿ ಮಾಡಿ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಊರೂರು ಹಾಯ್ದು ಹೋಗಬೇಕು. ಹಿಂದಿನ ಸಿಲಿಂಡರ್ ಮತ್ತು ಸೀಟಿನ ಕೆಳಗಿನ ಕೊಳವೆಗಳ ಕಾವು ತೊಡೆಗೆ ನೇರವಾಗಿ ತಾಗುವ ಬೈಕಿನಲ್ಲಿ ಬೆಳಗಿನ ಒಂಬತ್ತು ಗಂಟೆಗೆ ಮಂಡ್ಯ ದಾಟುವುದು ಶಿಕ್ಷೆ. ಬೆಳಗಿನ ಐದಕ್ಕೇ ಬೆಂಗಳೂರು ಬಿಡಿ. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಕುಶಾಲನಗರದಲ್ಲಿ ಕಾವೇರಿ ದಾಟಿ, ಆನೆಕಾಡು ಕಳೆದು, ಸುಂಟಿಕೊಪ್ಪದ ಏರು ಸಿಕ್ಕೊಡನೆ ಗಾಳಿ ತಣ್ಣಗಾಗುತ್ತದೆ, ಎಂಜಿನ್ನಿನ ತಾಪದ ಅಂಕಿಯೂ ಇಳಿಯುತ್ತದೆ.

ಇಂಥ ಬೈಕಿಗೆ ಕೊಡಗಿನಲ್ಲಿ ಒಂದೇ ರಸ್ತೆ ಆರಿಸಿ ಎಂದರೆ ನಾನು ಮಡಿಕೇರಿ–ಭಾಗಮಂಡಲ ರಸ್ತೆ ಎನ್ನುತ್ತೇನೆ. ಬೆಟ್ಟಗೇರಿ, ಚೇರಂಬಾಣೆ ಹಾದು ಹೋಗುವ ಆ ದಾರಿಯಲ್ಲಿ ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು ತಿರುವು. ನಾಲ್ಕನೇ ಗೇರು ಅಪರೂಪ. ಎರಡು, ಮೂರು, ಮತ್ತೆ ಎರಡು. 3,000 ಆರ್‌ಪಿಎಂಗಿಂತ ಕೆಳಗೆ ಎಳೆದರೆ ಚೈನ್ ಜಗ್ಗುತ್ತದೆ. 4,000ದ ಆಸುಪಾಸಿನಲ್ಲಿ ಇಟ್ಟುಕೊಂಡರೆ ಥ್ರಾಟಲ್ ಬಿಟ್ಟೊಡನೆ ಎಂಜಿನ್ನೇ ಬೈಕನ್ನು ಹಿಡಿಯುತ್ತದೆ, ಬ್ರೇಕಿಗೆ ಕೆಲಸವೇ ಕಡಿಮೆ. ಇದು ಮುಖ್ಯ. ಏಕೆಂದರೆ ನವೆಂಬರಿನಿಂದ ಫೆಬ್ರವರಿಯವರೆಗೆ, ಅಂದರೆ ಪ್ರವಾಸಕ್ಕೆ ಹೇಳಿಮಾಡಿಸಿದ ತಿಂಗಳುಗಳಲ್ಲೇ, ಕಾಫಿ ಕೊಯ್ಲು. ತೋಟದ ಗೇಟಿನಿಂದ ಹೊರಬಂದ ಟ್ರ್ಯಾಕ್ಟರ್ ಡಾಂಬರಿನ ಮೇಲೆ ಕೆಮ್ಮಣ್ಣಿನ ಎರಡು ಪಟ್ಟೆ ಬಿಟ್ಟು ಹೋಗಿರುತ್ತದೆ, ಇಬ್ಬನಿಗೆ ಅದು ನೆನೆದಿರುತ್ತದೆ. ಅದರ ಮೇಲೆ ಮುಂದಿನ ಬ್ರೇಕ್ ಹಿಂಡಿದರೆ ಮುಗಿಯಿತು. ಗೇಟು ಕಂಡಲ್ಲೆಲ್ಲ ವೇಗ ಇಳಿಸಿ.

ಭಾಗಮಂಡಲದಿಂದ ತಲಕಾವೇರಿಗೆ ಎಂಟು ಕಿ.ಮೀ. ಏರು. ಸ್ಪೋರ್ಟ್ಸ್ ಬೈಕಿನ ಹ್ಯಾಂಡಲ್ ತಿರುಗುವುದೇ ಸ್ವಲ್ಪ. ಇಳಿಜಾರಿನಲ್ಲಿ ಯು-ತಿರುವಿಗೆ ಕೈಹಾಕಬೇಡಿ, ಎಂಜಿನ್ ನಿಲ್ಲಿಸಿ ಇಳಿದು ತಳ್ಳಿಯೇ ತಿರುಗಿಸಿ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ದಿನಗಳಲ್ಲಿ ಅಲ್ಲಿಗೆ ಬೈಕ್ ಓಡಿಸುವ ಖುಷಿಗೆಂದು ಹೋಗುವುದು ಸರಿಯಲ್ಲ. ಆ ರಸ್ತೆ ಅಂದು ಭಕ್ತರದು. ಸಂಪಾಜೆ ಘಾಟಿಯಲ್ಲಿ ಲಾರಿ, ಬಸ್ಸುಗಳ ಸಾಲು ಬಿಡುವುದಿಲ್ಲ. ಮಾಂದಲ್‌ಪಟ್ಟಿಗೆ ಹೋಗಬೇಕೆಂದರೆ ಬೈಕನ್ನು ಮಡಿಕೇರಿಯಲ್ಲೇ ಬಿಟ್ಟು ಜೀಪು ಹತ್ತಿ. ಮಳೆಗಾಲ ಬೇಡ. 2018ರಲ್ಲೂ 2020ರಲ್ಲೂ ಈ ಬೆಟ್ಟಗಳು ಕುಸಿದು ಜೀವಗಳು ಹೋಗಿವೆ.

ಇನ್ನು ಸವಾರಿಯ ಚಿತ್ರೀಕರಣ. ಎದೆಯ ಪಟ್ಟಿಗೆ ಕ್ಯಾಮೆರಾ ಕಟ್ಟುವುದು ಇಂಥ ಬೈಕಿನಲ್ಲಿ ಕೆಲಸಕ್ಕೆ ಬಾರದು. ಮುಂದಕ್ಕೆ ಬಾಗಿ ಕುಳಿತಾಗ ಅದು ಟ್ಯಾಂಕನ್ನಷ್ಟೇ ನೋಡುತ್ತದೆ. ಹೆಲ್ಮೆಟ್ಟಿನ ಗಲ್ಲದ ಬಳಿ ಇಟ್ಟರೆ ಮೀಟರು, ಕೈಗಳು, ಮುಂದಿನ ರಸ್ತೆ ಮೂರೂ ಸಿಗುತ್ತವೆ. ಅಂಟಿಸಿದರೆ ಸಾಕು, ಹೆಲ್ಮೆಟ್ಟಿಗೆ ತೂತು ಕೊರೆಯಬೇಡಿ. ಬಾಲದ ಮೇಲೆ ಹಿಂದಕ್ಕೆ ಮುಖಮಾಡಿ ಅಂಟಿಸುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಕೆಳಗೇ ಸೈಲೆನ್ಸರ್ ಕಾಯುತ್ತಿರುವುದರಿಂದ ಅಂಟು ಮೆತ್ತಗಾಗಿ ಕ್ಯಾಮೆರಾ ರಸ್ತೆಪಾಲಾಗುತ್ತದೆ. ಮೊಬೈಲನ್ನು ಹ್ಯಾಂಡಲಿಗೆ ಕಟ್ಟಲೇಬೇಡಿ. ಶಕ್ತಿಶಾಲಿ ಬೈಕುಗಳ ಕಂಪನದಿಂದ ಐಫೋನಿನ ಕ್ಯಾಮೆರಾದ ಸ್ಥಿರತೆಯ ವ್ಯವಸ್ಥೆ ಕೆಡಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ.

ಕಾಫಿ ತೋಟದ ನಡುವಿನ ಬೆಳಕು ಕ್ಯಾಮೆರಾಕ್ಕೆ ಕಷ್ಟ. ಸಿಲ್ವರ್ ಓಕ್ ಸಾಲಿನ ನಡುವೆ ಬಿಸಿಲು–ನೆರಳು ಪಟಪಟನೆ ಬದಲಾಗುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣವನ್ನು, ತನ್ನಷ್ಟಕ್ಕೆ ಬಿಟ್ಟರೆ ಚಿತ್ರ ಮಿಣುಕುತ್ತದೆ. ನೆರಳಿಗೆ ಹೊಂದಿಸಿ ಬಿಗಿದುಬಿಡಿ, ಬಿಸಿಲು ಸ್ವಲ್ಪ ಬೆಳ್ಳಗಾದರೂ ಆಗಲಿ. ಮಂಜಿನ ಹನಿ ಲೆನ್ಸಿನ ಮೇಲೆ ಕೂರುತ್ತದೆ, ಒಣಗಿದ ಮೆತ್ತನೆಯ ಬಟ್ಟೆ ಎಡಜೇಬಿನಲ್ಲಿರಲಿ. ಧ್ವನಿಗೆ ಚಿಕ್ಕ ರೆಕಾರ್ಡರನ್ನು ಸ್ಪಂಜಿನಲ್ಲಿ ಸುತ್ತಿ ಜಾಕೆಟ್ಟಿನ ಒಳಜೇಬಿನಲ್ಲಿಡಿ. ಟ್ಯಾಂಕಿನ ಮೇಲೆ ಬಾಗಿದಾಗ ಗಾಳಿಯ ಅಬ್ಬರ ತಪ್ಪಿ, ಎಂಜಿನ್ ಉಸಿರೆಳೆಯುವ ಸದ್ದು ಸೊಗಸಾಗಿ ಸಿಗುತ್ತದೆ. ಎಲ್ಲಕ್ಕಿಂತ ಒಳ್ಳೆಯ ದೃಶ್ಯ ಸಿಗುವುದು ಬೈಕಿನಿಂದ ಇಳಿದಾಗ. ಜೊತೆಗಾರ ತಿರುವಿನಾಚೆ ಟ್ರೈಪಾಡ್ ಇಟ್ಟು ನಿಂತರೆ, ನೀವು ಹಾದುಹೋಗುವ ಐದು ಸೆಕೆಂಡು ಹೆಲ್ಮೆಟ್ಟಿನ ಐದು ಗಂಟೆಗೆ ಸಮ.

ಈ ಬೈಕುಗಳಿಗೆ ಹಲವರು ಹೆಚ್ಚು ಸದ್ದು ಮಾಡುವ ಟರ್ಮಿಗ್ನೋನಿ ಕಂಪನಿಯ ಸೈಲೆನ್ಸರ್ ಹಾಕಿಸಿರುತ್ತಾರೆ. ಕೊಡಗಿಗೆ ಹೊರಡುವಾಗ ಕಂಪನಿಯ ಮೂಲ ಸೈಲೆನ್ಸರನ್ನೇ ಹಾಕಿಕೊಳ್ಳಿ. ಚೇರಂಬಾಣೆಯ ಬಳಿ ಕಾಫಿ ಚೀಲ ಹೇರಿಸುತ್ತಿದ್ದ ಹಿರಿಯರೊಬ್ಬರು ನನ್ನನ್ನು ಕೈಯೆತ್ತಿ ನಿಲ್ಲಿಸಿ, "ನಿಧಾನ ಹೋಗಿ ಮಾರಾಯರೇ, ಕೆಳಗಿನ ತೋಟದಲ್ಲಿ ಆನೆ ಉಂಟು, ನಮ್ಮ ಹೆಂಗಸರು ಕೊಯ್ಲಿನಲ್ಲಿದ್ದಾರೆ" ಎಂದರು. ಆನೆ ಬೆದರಿದರೆ ನಾವು ಅಷ್ಟರಲ್ಲಿ ಮುಂದೆ ಹೋಗಿರುತ್ತೇವೆ, ಎದುರಿಸಬೇಕಾದವರು ಬುಟ್ಟಿ ಹಿಡಿದು ಗಿಡದ ಬುಡದಲ್ಲಿ ನಿಂತವರು. ನಾನು ಬೈಕನ್ನು ಇಳಿಜಾರಿನಲ್ಲಿ ಎಂಜಿನ್ ನಿಲ್ಲಿಸಿಯೇ ಇಳಿಸಿದೆ. ದೇವರಕಾಡು, ಐನ್‌ಮನೆ (ಕೊಡವ ಕುಟುಂಬದ ಮೂಲ ಮನೆ)ಗಳ ಎದುರು ಕ್ಯಾಮೆರಾ ತೆಗೆಯುವ ಮುನ್ನ ಕೇಳಿ. ಕೇಳಿದವರಿಗೆ ಬೇಡವೆನ್ನುವುದು ಕಡಿಮೆ, ಕಾಫಿ ಕುಡಿದು ಹೋಗಿ ಎನ್ನುವುದೇ ಹೆಚ್ಚು.

ಮರಳುವಾಗ ವಿರಾಜಪೇಟೆ, ಗೋಣಿಕೊಪ್ಪ, ತಿತಿಮತಿ, ಆನೆಚೌಕೂರು ಮೂಲಕ ಹುಣಸೂರು ಸೇರಬಹುದು. ನಾಗರಹೊಳೆಯ ಅಂಚಿನ ಆ ರಸ್ತೆ ನುಣುಪಾಗಿ, ನೇರವಾಗಿ ಸಿಕ್ಕಾಗ ಕೈ ತಾನಾಗಿ ಥ್ರಾಟಲ್ ತಿರುವುತ್ತದೆ, ತಡೆದುಕೊಳ್ಳಿ. ಅಲ್ಲಿ ಚಿತ್ರೀಕರಣಕ್ಕೆಂದು ನಿಲ್ಲಬೇಡಿ, ನಾಲ್ಕು ಗಂಟೆಯೊಳಗೆ ಕಾಡು ದಾಟಿ. ಪಂಕ್ಚರ್ ಆದರೆ ಚಕ್ರ ಬಿಚ್ಚಲು ಹೋಗಬೇಡಿ. ಹಿಂದಿನ ಚಕ್ರವನ್ನು ಹಿಡಿದ ಒಂಟಿ ನಟ್ಟಿಗೆ ಬೇಕಾದ ದೊಡ್ಡ ಸಾಕೆಟ್ ದಾರಿಯ ಅಂಗಡಿಗಳಲ್ಲಿ ಸಿಗದು. ಟ್ಯೂಬ್‌ಲೆಸ್ ಟೈರಿಗೆ ಹೊರಗಿನಿಂದಲೇ ತುಂಬುವ ರಬ್ಬರ್ ಪಟ್ಟಿ ಮತ್ತು ಚಿಕ್ಕ ಪಂಪು ಸೀಟಿನ ಹಿಂದಿನ ಚೀಲದಲ್ಲಿರಲಿ. ಅಷ್ಟಿದ್ದರೆ ಹುಣಸೂರಿನವರೆಗೆ ಬರಬಹುದು.